ಎರಡು ಸಲ ಹೇಳಿಸಿದ ಮಾತು

ಅರಮನೆಯ ಹಿರಿಯರಿಬ್ಬರು ಜಿನ್ ಬಾಟಲಿ ಹಿಡಿದು ಅಬೊಸ್ರೆಯಿಂದ ಅಕ್ರಾಕ್ಕೆ ಬಂದಾಗ ಫ್ರೆಮಾ ಅವರನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಬಂದ ಕಾರಣ ಕೇಳಿದಳು. ಕಾರಣ ಅವಳಿಗೆ ಗೊತ್ತಿತ್ತು. ಅವಳ ಎಂಟನೆಯ ಕಾದಂಬರಿಗೆ ಖಂಡದ ದೊಡ್ಡ ಬಹುಮಾನ ಬಂದ ಸುದ್ದಿಯನ್ನು ಹಿಂದಿನ ವಾರವಷ್ಟೇ ರೇಡಿಯೊ ಬಿತ್ತರಿಸಿತ್ತು. ಹುಟ್ಟಿದೂರಿಗೆ ಅವಳ ನೆನಪಾಗಲು ಅಷ್ಟು ಸಾಕಾಗಿತ್ತು. ಹಿರಿಯರು ಸುತ್ತಿ ಬಳಸಿ ಹೇಳಿದ್ದರ ಸಾರ ಇಷ್ಟು: ಊರಿನ ಏಳಿಗೆಯ ರಾಣಿ ಎಂಬ ಗೌರವ ಪದವಿಯ ಪೀಠ ಖಾಲಿಯಿದೆ, ಹೊಸ ಅರಸ ನಾನಾ ಒವಿರೆಡು ಅವಳನ್ನೇ ಅದರ ಮೇಲೆ ಕೂರಿಸಬೇಕೆಂದಿದ್ದಾರೆ. ಶಾಲೆ, ಗ್ರಂಥಾಲಯ, ಕುಡಿಯುವ ನೀರು ಎಂದು ಎಷ್ಟೋ ಕೆಲಸ ಬಾಕಿ ಇವೆ. ಅವಳ ಹೆಸರೊಂದಿದ್ದರೆ ಕೊಡುವವರು ತಾವಾಗಿ ಬರುತ್ತಾರೆ.

ಫ್ರೆಮಾ ಒಂದೇ ಪ್ರಶ್ನೆ ಕೇಳಿದಳು. ಅರಮನೆಯಲ್ಲಿ ಈಗ ಒಚಾಮೆ ಯಾರು?

"ಇನ್ಯಾರು, ನಿಮ್ಮ ಸೋದರಮಾವ ಸೆಫಾನೇ," ಎಂದರು ಒಬ್ಬರು. "ಮಂಡಿ ಹೋಗಿದೆ, ನಾಲಿಗೆ ಹೋಗಿಲ್ಲ."

ಅವಳು ಕೈ ಚಾಚಿ ಬಾಟಲಿ ತೆಗೆದುಕೊಂಡಳು. ತೆಗೆದುಕೊಂಡರೆ ಒಪ್ಪಿದಂತೆ.

ಅಬೊಸ್ರೆಯಲ್ಲಿ ಅರಸನ ಜೊತೆ ಯಾರೂ ನೇರವಾಗಿ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಒಚಾಮೆಗೆ ಹೇಳಬೇಕು. ಚಿನ್ನದ ತಗಡು ಸುತ್ತಿದ ಕೋಲು ಹಿಡಿದು ನಿಂತ ಅವನು ಅದನ್ನು ತಿದ್ದಿ ತೀಡಿ ಅರಸನಿಗೆ ಒಪ್ಪಿಸುತ್ತಾನೆ. ಅರಸ ಕೂತಿರುವುದು ನಾಲ್ಕು ಮಾರು ಆಚೆ, ಅವನ ಕಿವಿಯೂ ಚೆನ್ನಾಗಿಯೇ ಇರುತ್ತದೆ. ಆದರೂ ಒಚಾಮೆಯ ಬಾಯಿಂದ ಬರುವ ತನಕ ಮಾತು ಆಡಿದಂತಲ್ಲ. ಅವನು ಏನು ಹೇಳಿದನೋ ಅದೇ ನೀವು ಹೇಳಿದ್ದು.

ಹಾಗೆಂದರೇನು ಎಂಬುದು ಫ್ರೆಮಾಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅರ್ಥವಾಗಿತ್ತು.

ಆಗ ಅವಳು ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ಓದುತ್ತಿದ್ದಳು. ಅಪ್ಪ ತೀರಿಕೊಂಡ ತಿಂಗಳಲ್ಲೇ ಅವನ ಅಕ್ಕತಂಗಿಯರ ಮಕ್ಕಳು ಬಂದು ಕೋಕೋ ತೋಟವನ್ನು ವಶಕ್ಕೆ ತೆಗೆದುಕೊಂಡರು. ಆಸ್ತಿ ಅಳಿಯಂದಿರಿಗೆ ಇಳಿಯುವ ಊರು ಅದು. ಅಮ್ಮ ದುಫಿಯೆ ಅದಕ್ಕೆ ತಕರಾರು ತೆಗೆಯಲಿಲ್ಲ. ಅವಳು ಹೇಳಿದ್ದು ಬೇರೆ. ತೋಟದ ಕೆಳಗಿನ ಅರ್ಧ, ಹೊಳೆಯ ಕಡೆಯದು, ತನ್ನದು. ಅಲ್ಲಿ ಕಾಡು ಕಡಿದದ್ದು ತಾನು, ಎಳೆ ಸಸಿಗೆ ನೆರಳಾಗಲೆಂದು ಬಾಳೆ ಹಾಕಿದ್ದು ತಾನು, ಕೋಕೋ ನೆಟ್ಟದ್ದೂ ತಾನೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫ್ರೆಮಾ ಅದನ್ನೇ ಕಥೆ ಮಾಡಿ ಅಕ್ರಾದ ಒಂದು ವಾರಪತ್ರಿಕೆಗೆ ಕಳಿಸಿದಳು. ಅಚ್ಚಾಯಿತು. ಜನರ ಹೆಸರುಗಳನ್ನೆಲ್ಲ ಬದಲಿಸಿದ್ದ ಹುಡುಗಿ ಹೊಳೆಯ ಹೆಸರು ಬದಲಿಸಲು ಮರೆತಿದ್ದಳು.

ಅರಮನೆಯಿಂದ ಕರೆ ಬಂತು. ಆಗಿನ ಅರಸ ಅಪ್ಪನ ಕುಲದವನು. ಒಚಾಮೆ ಮಾತ್ರ ಅಮ್ಮನ ಒಡಹುಟ್ಟಿದ ಅಣ್ಣ ಸೆಫಾ. ಕೋಲು ಕೈಗೆ ಬಂದು ವರ್ಷವೂ ತುಂಬಿರಲಿಲ್ಲ. ಅಣ್ಣನೇ ನಿಂತಿರುವಾಗ ಭಯವೇನು ಎಂದು ಅಮ್ಮ ಮಗಳ ಕೈ ಹಿಡಿದು ಕರೆದುಕೊಂಡು ಹೋದಳು. ಬರೆದದ್ದೆಲ್ಲ ನಿಜ, ಆ ಮರಗಳನ್ನು ನೆಟ್ಟದ್ದು ನಮ್ಮಮ್ಮ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಫ್ರೆಮಾ ಒಚಾಮೆಗೆ ಹೇಳಿದಳು. ಸೆಫಾ ಅರಸನ ಕಡೆ ತಿರುಗಿ, ಅಲ್ಲಿ ಎಲ್ಲ ಅರಸರನ್ನೂ ಕರೆಯುವಂತೆ ನಾನಾ ಎಂದು ಕರೆದ.

"ನಾನಾ, ಈ ಮಗು ಹೇಳ್ತಾ ಇದೆ: ನಾನು ಬರೆದದ್ದು ಸುಳ್ಳು. ನಾಲ್ಕಕ್ಷರ ಕಲಿತು ತಲೆ ತಿರುಗಿತ್ತು. ನಮ್ಮಮ್ಮ ಒಂದು ಸಸೀನೂ ನೆಟ್ಟಿಲ್ಲ. ತಪ್ಪಾಯ್ತು, ಕಾಲಿಗೆ ಬೀಳ್ತೀನಿ."

ಮುಂದಿನ ಸಾಲುಗಳಲ್ಲಿದ್ದವರು ಅವಳು ಹೇಳಿದ್ದನ್ನೂ ಕೇಳಿದ್ದರು, ಅವನು ಹೇಳಿದ್ದನ್ನೂ ಕೇಳಿದರು. ಒಚಾಮೆಯ ಮಾತು ಮುಗಿದಾಗ ಎಲ್ಲರೂ ಕೂಡಿ "ಹೌದು, ಹಾಗೇ" ಎಂದರು. ಫ್ರೆಮಾ ಎದ್ದು ನಿಂತು, ಅವನು ಹೇಳಿದ್ದು ಸುಳ್ಳು ಎಂದು ಅರಸನಿಗೇ ನೇರವಾಗಿ ಕೂಗಿದಳು. ಅದಕ್ಕೆ ಬೇರೆ ದಂಡ ಬಿತ್ತು. ಸುಳ್ಳು ಬರೆದದ್ದಕ್ಕೆ ಒಂದು ಕುರಿ, ಅರಸನ ಮುಂದೆ ಬಾಯಿ ಮಾಡಿದ್ದಕ್ಕೆ ಇನ್ನೊಂದು. ದುಫಿಯೆ ತನ್ನ ಮದುವೆಯ ಕೆಂತೆ ವಸ್ತ್ರ ಮಾರಿ ಎರಡನ್ನೂ ತಂದು ಕಟ್ಟಿದಳು. ಅರಮನೆಯಲ್ಲಿ ಕೊಯ್ದ ಕುರಿಯ ಕುತ್ತಿಗೆ ಒಚಾಮೆಯ ಪಾಲು. ಎರಡು ಕುತ್ತಿಗೆಗಳೂ ಮುಚ್ಚಿದ ಪಾತ್ರೆಯಲ್ಲಿ ಸೆಫಾನ ಮನೆಗೆ ಹೋಗುವುದನ್ನು ತಾಯಿ ಮಕ್ಕಳು ಬೀದಿಯಲ್ಲಿ ನಿಂತು ನೋಡಿದರು.

ಮಗಳೇ ಸುಳ್ಳೆಂದು ಒಪ್ಪಿಕೊಂಡ ಮೇಲೆ ತಾಯಿಯ ತಕರಾರಿಗೆ ಬುಡವೇ ಉಳಿಯಲಿಲ್ಲ. ದುಫಿಯೆ ಊರು ಬಿಟ್ಟು, ಕುಮಾಸಿಯ ಲಾರಿ ನಿಲ್ದಾಣದಲ್ಲಿ ಮೆಕ್ಕೆಜೋಳದ ಕೆಂಕೆ ಉಂಡೆ, ಹುರಿದ ಮೀನು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದಳು. ಹಾರನ್ನುಗಳ ನಡುವೆ ಕೂತೂ ಕೂತೂ ಅವಳ ಕಿವಿ ಮಂದವಾಯಿತು. ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಎಲ್ಲವನ್ನೂ ಎರಡು ಸಲ ಹೇಳಬೇಕಾಗುತ್ತಿತ್ತು.

ಫ್ರೆಮಾ ಕೇಪ್ ಕೋಸ್ಟಿನಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತ, ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ಹತ್ತುವುದರೊಳಗೆ ಎದ್ದು ಬರೆದಳು. ಮೊದಲ ಕಾದಂಬರಿ ಅಕ್ರಾದ ಪ್ರಕಾಶಕರಿಂದ ವಾಪಸು ಬಂತು. ಲಂಡನ್ನಿಗೆ ಹೋದದ್ದು, ಹಳ್ಳಿ ಸಾಲದು, ಇನ್ನಷ್ಟು ಹಳ್ಳಿ ಬೇಕು ಎಂಬ ಸಲಹೆಯೊಂದಿಗೆ ವಾಪಸು ಬಂತು. ಅವಳು ಅದನ್ನು ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ಒಂದೇ ವಾಕ್ಯವನ್ನು ಬೇಸರವಿಲ್ಲದೆ ಹತ್ತಾರು ಸಲ ಬರೆಯುವುದು ಆಗಲೇ ರೂಢಿಯಾಯಿತು. ಕೊನೆಗೆ ಪುಸ್ತಕ ಅಚ್ಚಾದಾಗ ಅಮ್ಮನ ಕೈಗಿಟ್ಟಳು. ಓದು ಬಾರದ ದುಫಿಯೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಬೊಸ್ರೆಲೂ ಇದನ್ನ ಓದ್ತಾರಾ?" ಎಂದಳು. ಓದುತ್ತಾರೆ ಎಂದು ಮಗಳು ಎರಡು ಸಲ ಹೇಳಿದಳು. ಎರಡು ಸಲವೂ ಸುಳ್ಳು.

ಅವಳ ಎಂಟು ಕಾದಂಬರಿಗಳಲ್ಲೂ ಎಲ್ಲೋ ಒಂದು ಮೂಲೆಯಲ್ಲಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಚಿ ಮುಟ್ಟಿಸುವ ಮನುಷ್ಯ ಬರುತ್ತಾನೆ. ಒಂದರಲ್ಲಿ ಕೋರ್ಟಿನ ದುಭಾಷಿ, ಇನ್ನೊಂದರಲ್ಲಿ ಮದುವೆಯ ದಲ್ಲಾಳಿ. ಅವನು ವಸಾಹತು ಆಳ್ವಿಕೆಯ ರೂಪಕ ಎಂದು ಲಂಡನ್ನಿನ ವಿಮರ್ಶಕರು ಬರೆದರು. ಜೊಹಾನೆಸ್‌ಬರ್ಗಿನಲ್ಲಿ ಒಬ್ಬಾತ ಅವನ ಮೇಲೆಯೇ ಪಿಎಚ್.ಡಿ. ಪಡೆದ. ಸಂದರ್ಶನಗಳಲ್ಲಿ ಆ ಮಾತು ಬಂದಾಗ ಫ್ರೆಮಾ ಹೌದೆನ್ನುವಂತೆ ತಲೆಯಾಡಿಸುತ್ತಿದ್ದಳು. ಅವನು ತನ್ನ ಸೋದರಮಾವ ಎಂದು ಯಾರಿಗೂ ಹೇಳಲಿಲ್ಲ.

ಸಮಾರಂಭದ ಹಿಂದಿನ ದಿನ ಅವಳು ತಂಗಿ ಕೊನಾಡು ಜೊತೆ ಅಬೊಸ್ರೆಗೆ ಬಂದಿಳಿದಳು. ಕೊನಾಡು ಕುಮಾಸಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಅಕ್ಕ ಬಂದದ್ದು ಪೀಠಕ್ಕಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಬ್ಬರೂ ಹೊಳೆಯ ಕಡೆ ಹೋಗಿ ನೋಡಿದರು. ತೋಟ ಇರಲಿಲ್ಲ. ಚಿನ್ನ ಅಗೆಯುವವರಿಗೆ ಅಪ್ಪನ ಅಳಿಯಂದಿರು ನೆಲ ಮಾರಿ ವರ್ಷಗಳಾಗಿದ್ದವು. ಅರಿಸಿನ ಬಣ್ಣದ ನೀರು ತುಂಬಿದ ಗುಂಡಿಗಳು, ಮಗುಚಿದ ಮಣ್ಣು, ಮಧ್ಯೆ ಒಂದು ಮುರಿದ ಪಂಪು. ಹಿಂದಕ್ಕೆ ಕೇಳಲು ಒಂದು ಮರವೂ ಉಳಿದಿರಲಿಲ್ಲ.

"ಅಕ್ಕ, ಅವನಿಗೆ ಎಂಬತ್ತಾಯ್ತು," ಎಂದಳು ಕೊನಾಡು. "ಬರೆದು ಬಿಸಾಕು. ಹೆಸರು ಹಾಕಿಯೇ ಬರಿ. ಇಡೀ ಪ್ರಪಂಚ ಓದುತ್ತೆ."

"ಪುಸ್ತಕದಲ್ಲಿ ಬಂದ್ರೆ ಕಥೆ ಅಂತಾರೆ. ಒಂದ್ಸಲ ಹಾಗೇ ಆಯ್ತಲ್ಲ. ಸುಳ್ಳು ಎಲ್ಲಿ ಹೇಳಿದ್ನೋ ಅಲ್ಲೇ ನಿಂತು ನಿಜ ಹೇಳ್ಬೇಕು. ಅವನ ಬಾಯಿಂದಾನೇ."

"ಹೇಳದೇ ಹೋದ್ರೆ?"

ಫ್ರೆಮಾ ಹೊಳೆಗೆ ಬೆನ್ನು ಮಾಡಿ ಊರಿನ ಕಡೆ ನಡೆದಳು.

ಮಾತಾಡಲಿರುವವರ ಬಳಿ ಒಚಾಮೆ ಮೊದಲೇ ಹೋಗಿ ವಿಷಯ ತಿಳಿದುಕೊಳ್ಳುವುದು ಪದ್ಧತಿ. ಮರುದಿನ ಬೆಳಗ್ಗೆ ಸೆಫಾ ಬಿಳಿಯ ಹಬ್ಬದ ಬಟ್ಟೆ ಹೊದ್ದು, ಊರುಗೋಲು ಕುಟ್ಟುತ್ತ ಬಂದ. ಕೊನಾಡು ಬೇಯಿಸಿದ ಗೆಣಸು, ತಾಳೆಯೆಣ್ಣೆಯ ಸೊಪ್ಪಿನ ಪಲ್ಯ ಬಡಿಸಿದಳು. ಅವನು ಸಂತೋಷದಿಂದ ತಿಂದ. ಹಲ್ಲು ಬಿದ್ದವನಿಗೆ ಮೆತ್ತಗೆ ಬೇಯಿಸಿದ್ದಾಳೆ, ನರ್ಸಿಗೆ ರೋಗಿಯ ಗುರುತು ಸಿಕ್ಕಿದೆ ಎಂದು ತಮಾಷೆ ಮಾಡಿದ. ಇಂಥ ಸೋದರಸೊಸೆಯ ಮಾತನ್ನು ಅರಸನಿಗೆ ಒಪ್ಪಿಸುವ ಭಾಗ್ಯ ಯಾವ ಒಚಾಮೆಗೆ ಸಿಕ್ಕಿತ್ತು ಎಂದು ಬೀಗಿದ.

ಫ್ರೆಮಾ ತಾನು ಹೇಳಲಿರುವುದನ್ನು ಅವನಿಗೆ ಒಪ್ಪಿಸಿದಳು. ಊರಿಗೆ ವಂದನೆ, ಹಿರಿಯರಿಗೆ ವಂದನೆ, ಶಾಲೆಗೊಂದು ಗ್ರಂಥಾಲಯ. ಸೆಫಾ ಕಣ್ಣು ಮುಚ್ಚಿ ಕೇಳಿದ. ಎಲ್ಲಿ ಯಾವ ಉಪಮೆ ಸೇರಿಸಬೇಕೆಂದು ಅವನ ತುಟಿ ಆಗಲೇ ಅಲುಗುತ್ತಿತ್ತು.

"ಅಂತೂ ಮಾತಾಡೋಕೆ ಕಲ್ತೆ," ಎಂದ. "ಕೊನೇಲಿ 'ನನ್ನ ಮಾತು ಮುಗಿಯಿತು' ಅನ್ನೋದು ಮರೀಬೇಡ. ನೀನು ಅದನ್ನ ಹೇಳೋವರೆಗೂ ಯಾರೂ ಸತ್ತ ಹಿರಿಯರಿಗೆ ತೀರ್ಥ ಸುರಿಯೋ ಹಾಗಿಲ್ಲ, ನಾನು ಕೂರೋ ಹಾಗಿಲ್ಲ. ಈ ಮಂಡಿ ನೋಡು. ಜಾಸ್ತಿ ಎಳೀಬೇಡ ತಾಯಿ."

ಮರೆಯುವುದಿಲ್ಲ ಮಾವ ಎಂದಳು ಫ್ರೆಮಾ.

ಅವನು ಕೈ ತೊಳೆದು ಏಳುವಾಗ, ಯಾರೂ ಕೇಳದಿದ್ದರೂ, ಹಳೆಯದನ್ನು ತಾನೇ ತೆಗೆದ. ಅವಳು ಹೇಳಿದ್ದನ್ನು ಅವತ್ತು ಹಾಗೇ ಹೇಳಿದ್ದರೆ ಅರಸ ಅವಳನ್ನು ಊರಿಂದಲೇ ಅಟ್ಟುತ್ತಿದ್ದ, ಒಂದು ಸುಳ್ಳಿನಿಂದ ತಾನು ಅವಳನ್ನು ಉಳಿಸಿದೆ, ಓದಿ ಇಷ್ಟು ದೊಡ್ಡವಳಾದದ್ದು ಅದರಿಂದಲೇ ಎಂದ. ಈ ಸಮಜಾಯಿಷಿ ಫ್ರೆಮಾಗೆ ಹೊಸದಲ್ಲ. ಅವನ ಪರವಾಗಿ ಅವಳೇ ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಬರೆದು ನೋಡಿದ್ದಳು. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ಉಳಿದದ್ದು ಅವನ ಕೈಯ ಕೋಲು ಕೂಡ. ಹೋದದ್ದು ಮಾತ್ರ ಅಮ್ಮನ ಮರಗಳು. ಅವಳು ಮೆಟ್ಟಿಲಿಳಿಯಲು ಅವನಿಗೆ ಕೈ ಕೊಟ್ಟಳು.

ಅರಮನೆಯ ಅಂಗಳ ತುಂಬಿತ್ತು. ದೊಡ್ಡ ಛತ್ರಿಗಳ ಕೆಳಗೆ ಹಿರಿಯರು, ಅವರ ಹಿಂದೆ ಶಾಲೆಯ ಮಕ್ಕಳು, ಬೇಲಿಯಾಚೆ ಸಂತೆ ಬಿಟ್ಟು ಬಂದ ಹೆಂಗಸರು. ಅಪ್ಪನ ಅಳಿಯಂದಿರಲ್ಲಿ ಬದುಕಿದ್ದ ಇಬ್ಬರು ಎರಡನೆಯ ಸಾಲಿನಲ್ಲೇ ಕೂತಿದ್ದರು. ಹೆಂಗಸರು ಫ್ರೆಮಾಳ ತೋಳಿಗೆ ಬಿಳಿಯ ಜೇಡಿಮಣ್ಣು ಬಳಿದು, ಅವಳನ್ನು ಎತ್ತಿ ಮೂರು ಸಲ ಪೀಠಕ್ಕೆ ತಾಗಿಸಿದರು. ಡೋಲು ಮೊಳಗಿತು. ಅಲ್ಲಿಗೆ ಅವಳು ರಾಣಿಯಾದಳು. ರಾಣಿಯ ಮಾತನ್ನು ನಡುವೆ ತಡೆಯುವುದು ಪೀಠಕ್ಕೆ ಅವಮಾನ; ಅರಸನೂ ಹಾಗೆ ಮಾಡುವಂತಿಲ್ಲ. ಅವಳು ಬಾಟಲಿ ತೆಗೆದುಕೊಂಡದ್ದು ಇದೊಂದಕ್ಕಾಗಿ.

ಮೈಕು ಒಚಾಮೆಯ ಮುಂದಿತ್ತು. ಮಾತಾಡುವವರಿಗೆ ಮೈಕು ಕೊಡುವ ವಾಡಿಕೆಯಿಲ್ಲ. ಬೇವಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕಗಳಲ್ಲಿ ಊರಿಗೆಲ್ಲ ಕೇಳಿಸುವುದು ಸೆಫಾನ ದನಿ. ಅವಳದು ಕೇಳಿಸುವುದು ಮುಂದಿನ ಕೆಲವು ಸಾಲುಗಳಿಗೆ ಮಾತ್ರ.

ಅವಳು ವಂದನೆ ಹೇಳಿದಳು. ನಮ್ಮ ಕೊಟ್ಟಿಗೆಯಿಂದ ಕಳೆದುಹೋದ ಮರಿಮೇಕೆ ಆನೆಯಾಗಿ ತಿರುಗಿ ಬಂದಿದೆ, ಬಾಗಿಲು ಅಗಲ ಮಾಡಿ ನಾನಾ ಎಂದು ಸೆಫಾ ಅದನ್ನು ಒಪ್ಪಿಸಿದ. ಅಂಗಳ ನಕ್ಕಿತು. ಅವಳು ಗ್ರಂಥಾಲಯದ ಮಾತು ಹೇಳಿದಳು. ಅವನು ಅದಕ್ಕೂ ಒಂದು ಗರಿ ಸಿಕ್ಕಿಸಿದ. ಆಮೇಲೆ ಅವಳು, ಅದೇ ದನಿಯಲ್ಲಿ, ಬೆಳಗ್ಗೆ ಹೇಳಿರದ ಮಾತಿಗೆ ಬಂದಳು.

"ಒಚಾಮೆ, ನಾನಾಗೆ ತಿಳಿಸಿ. ಹತ್ತೊಂಬತ್ತು ವರ್ಷದ ಫ್ರೆಮಾ ಈ ಅಂಗಳದಲ್ಲಿ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ಒಚಾಮೆ ಸೆಫಾ. ಹೊಳೆಯ ಕಡೆಯ ಮರಗಳನ್ನು ನೆಟ್ಟದ್ದು ದುಫಿಯೆ."

ಸೆಫಾನ ಕೋಲು ಒಂದು ಸಲ ನೆಲಕ್ಕೆ ತಾಗಿತು. ಆದರೂ ಹಳೆಯ ಕೈ, ಬೇಗ ಸುಧಾರಿಸಿಕೊಂಡ. ರಾಣಿ ತಮ್ಮ ಹತ್ತೊಂಬತ್ತನೆಯ ವಯಸ್ಸನ್ನು ನೆನೆಯುತ್ತಿದ್ದಾರೆ, ಈ ಅಂಗಳವೇ ತಮಗೆ ಬುದ್ಧಿ ಕಲಿಸಿತು ಎನ್ನುತ್ತಾರೆ ಎಂದು ಮೈಕಿಗೆ ಹೇಳಿದ. "ಹೌದು, ಹಾಗೇ" ಎಂದಿತು ಅಂಗಳ. ಮುಂದಿನ ಸಾಲುಗಳು ಮಾತ್ರ ತುಸು ತಡವಾಗಿ ಅಂದವು.

ಫ್ರೆಮಾ ಅವೇ ಮಾತುಗಳನ್ನು, ಅದೇ ಕ್ರಮದಲ್ಲಿ, ದನಿ ಏರಿಸದೆ ಇನ್ನೊಮ್ಮೆ ಹೇಳಿದಳು. ಸೆಫಾ ಈ ಸಲ ದುಫಿಯೆಯ ಹೆಸರು ಎತ್ತಿದ. ಅವಳೆಂಥ ದುಡಿಮೆಗಾರ್ತಿ, ಎಂಥ ತಂಗಿ ಎಂದು ಹೊಗಳಿದ. ಫ್ರೆಮಾ ಮತ್ತೆ ಹೇಳಿದಳು. ಅವನು, ಅಂದು ಮಾತಿನಲ್ಲಿ ಏನೋ ಎಡವಟ್ಟಾಗಿತ್ತು, ಕಾಲ ಎಲ್ಲವನ್ನೂ ತೊಳೆದಿದೆ ಎಂದ. ಅವಳು ಮತ್ತೆ ಹೇಳಿದಳು.

ಅಷ್ಟು ಹೊತ್ತಿಗೆ ಮುಂದಿನ ಸಾಲಿನವರು ಹಿಂದಿನವರಿಗೆ ಪಿಸುಗುಟ್ಟಿ, ಅವಳ ಮಾತು ಕೈಯಿಂದ ಕೈಗೆ ದಾಟಿದ ಹಾಗೆ ಬೇಲಿಯ ತನಕ ಹೋಗಿತ್ತು. ಧ್ವನಿವರ್ಧಕದಲ್ಲಿ ಒಂದು ಮಾತು, ಕಿವಿಯಲ್ಲಿ ಇನ್ನೊಂದು. ಸಂತೆಯ ಹೆಂಗಸರು ಮೊದಲು ನಕ್ಕರು. ಆಮೇಲೆ ಟೊಮೆಟೊ ಮಾರುವವಳೊಬ್ಬಳು ಬೇಲಿಗೆ ಮೊಣಕೈ ಊರಿ, ಎಲ್ಲರಿಗೂ ಕೇಳುವಂತೆ ಅಂದಳು: "ಅಜ್ಜ, ಅವಳು ಕೊಟ್ಟಿದ್ದು ಮೆಣಸಿನಕಾಯಿ, ನೀನು ಅಳೀತಿರೋದು ಸಕ್ಕರೆ."

ಸೆಫಾ ಮೈಕಿನಿಂದ ಮುಖ ಸರಿಸಿ ಫ್ರೆಮಾಳ ಕಡೆ ಬಾಗಿದ.

"ಸಾಕು ಮಾಡೇ ಹುಡುಗಿ. ನನ್ನ ಮಂಡಿ ನಡುಗ್ತಾ ಇದೆ."

"ಮಾತು ಮುಗಿದಿಲ್ಲ ಮಾವ."

"ನಾನು ಸತ್ತ ಮೇಲೆ ಏನು ಬೇಕಾದ್ರೂ ಹೇಳ್ಕೋ."

"ಸತ್ತ ಮೇಲೆ ನಿಮ್ಮ ಬಾಯಿ ಎಲ್ಲಿರುತ್ತೆ?" ಎಂದು, ಫ್ರೆಮಾ ನೆಟ್ಟಗೆ ಕೂತು ಅವವೇ ಮಾತುಗಳನ್ನು ಮತ್ತೆ ಹೇಳಿದಳು.

ಅರಸ ನಾನಾ ಒವಿರೆಡು ಹುಟ್ಟುವುದಕ್ಕೂ ಮೊದಲಿನ ಸಂಗತಿ ಅದು. ಅವನು ಪಕ್ಕದ ಹಿರಿಯರ ಕಿವಿಯಲ್ಲಿ ಏನೋ ಕೇಳಿದ, ಅವರು ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಒಬ್ಬರು ಬಂದು ಸೆಫಾನ ಬಳಿ ತಗ್ಗಿದ ದನಿಯಲ್ಲಿ ಹೇಳಿದರು: ಅಜ್ಜನಿಗೆ ದಣಿವಾಗಿದ್ದರೆ ಕಿರಿಯ ಒಚಾಮೆ ಸಿದ್ಧನಿದ್ದಾನೆ, ಕೋಲು ಅವನಿಗೆ ಕೊಟ್ಟು ಕೂರಬಹುದು, ನಾನಾ ಬೇಸರ ಮಾಡಿಕೊಳ್ಳುವುದಿಲ್ಲ.

ಕಿರಿಯ ಒಚಾಮೆ ಆಗಲೇ ಎದ್ದು ನಿಂತಿದ್ದ. ಸೆಫಾ ಅವನ ಕಡೆ ನೋಡಿದ, ಬೇಲಿಯ ಕಡೆ ನೋಡಿದ. ಕೋಲು ಕೊಟ್ಟರೆ ಇವತ್ತಿಗೆ ಅವನ ಬದುಕಿನ ಕೆಲಸ ಮುಗಿದಂತೆ. ಮೇಲಾಗಿ ಆ ಕಿರಿಯವನಿಗೆ ಯಾರ ಹಂಗೂ ಇಲ್ಲ. ಫ್ರೆಮಾ ಹೇಳಿದ್ದನ್ನು ಅಕ್ಷರ ಬಿಡದೆ ಹೇಳುತ್ತಾನೆ, ತನ್ನ ಹೆಸರು ಇನ್ನೊಬ್ಬನ ಬಾಯಲ್ಲಿ ಬರುತ್ತದೆ. ಅವನು ಲೆಕ್ಕ ಹಾಕುತ್ತಿರುವುದು ಫ್ರೆಮಾಗೆ ಪಾತ್ರವೊಂದರ ಮನಸ್ಸಿನಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಬಂದಿದ್ದ ಹಿರಿಯರನ್ನು ಸೆಫಾ ಕೈಸನ್ನೆಯಲ್ಲಿ ಹಿಂದೆ ಕಳಿಸಿದ. ಬೆವರು ಅವನ ಬಿಳಿಯ ಬಟ್ಟೆಯ ಬೆನ್ನಿಗೆ ಇಳಿದಿತ್ತು. ಅವನು ಮೈಕಿನ ಹತ್ತಿರ ಬಂದ.

"ನಾನಾ, ರಾಣಿ ಹೇಳ್ತಾರೆ," ಎಂದ. ನಿಂತ. ಮತ್ತೆ ಶುರು ಮಾಡಿದ. "ಹತ್ತೊಂಬತ್ತು ವರ್ಷದ ಫ್ರೆಮಾ ಈ ಅಂಗಳದಲ್ಲಿ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ಒಚಾಮೆ ಸೆಫಾ. ಹೊಳೆಯ ಕಡೆಯ ಮರಗಳನ್ನು ನೆಟ್ಟದ್ದು ದುಫಿಯೆ."

ಗರಿಯಿಲ್ಲ, ಮೇಕೆಯಿಲ್ಲ, ಆನೆಯಿಲ್ಲ. ಅಷ್ಟು ಬೋಳು ಮಾತು ಅವನ ಬಾಯಿಂದ ಬಂದದ್ದನ್ನು ಅಬೊಸ್ರೆ ಎಂದೂ ಕೇಳಿರಲಿಲ್ಲ. ಎರಡನೆಯ ಸಾಲಿನಲ್ಲಿ ಅಪ್ಪನ ಅಳಿಯಂದಿರು ಹೊದ್ದ ಬಟ್ಟೆಯ ಸೆರಗನ್ನು ಗಲ್ಲದ ಮೇಲಕ್ಕೆ ಎಳೆದುಕೊಂಡರು. "ಹೌದು, ಹಾಗೇ" ಎಂಬ ಕೂಗು ಮುಂದಿನಿಂದ ಬರಲಿಲ್ಲ. ಬೇಲಿಯಾಚೆಯಿಂದ ಎದ್ದು ಮುಂದಕ್ಕೆ ಬಂತು. ಅವತ್ತು ಗೋಣು ಹಾಕಿದ್ದ ಮುದುಕರು ಕೊನೆಗೆ ತಾವೂ ದನಿ ಸೇರಿಸಿದರು.

ಸೆಫಾ ಅವಳ ಕಡೆ ತಿರುಗಿ, ಮುಗಿಸು ಎಂಬಂತೆ ಗಲ್ಲ ಎತ್ತಿದ. ಎರಡೂ ಕೈಯಲ್ಲಿ ಕೋಲನ್ನು ಊರಿ ಹಿಡಿದಿದ್ದ.

"ಇನ್ನೊಂದ್ಸಲ ಹೇಳಿ ಮಾವ," ಎಂದಳು ಫ್ರೆಮಾ. "ಅಮ್ಮಂಗೆ ಕಿವಿ ಮಂದ."

ಅವನು ಅವಳನ್ನೇ ನೋಡಿದ. ಹಿಂದೆ ಕೂತಿದ್ದ ಕೊನಾಡು, ಅಕ್ಕ ಸಾಕು ಎಂದು ಅವಳ ಭುಜ ಮುಟ್ಟಿದಳು. ಫ್ರೆಮಾ ಭುಜ ಅಲುಗಿಸಲಿಲ್ಲ, ಕಣ್ಣೂ ತೆಗೆಯಲಿಲ್ಲ. ಡೋಲಿನವರು ಕಡ್ಡಿ ಕೆಳಗಿಟ್ಟು ಕಾಯುತ್ತಿದ್ದರು. ಸೆಫಾ ಮೈಕಿಗೆ ತಿರುಗಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದ, ದುಫಿಯೆಯ ಹೆಸರಿಗೆ ಬಂದಾಗ ದನಿ ಒಡೆಯಿತು. ಧ್ವನಿವರ್ಧಕ ಅದನ್ನೂ ಊರಿಗೆಲ್ಲ ಮುಟ್ಟಿಸಿತು.

"ನನ್ನ ಮಾತು ಮುಗಿಯಿತು," ಎಂದಳು ಅವಳು.

ತೀರ್ಥ ಸುರಿದರು, ಡೋಲು ಮೊಳಗಿತು, ಮಕ್ಕಳು ಹಾಡಿದರು. ಸೆಫಾ ಕೋಲನ್ನು ತನ್ನ ಕುರ್ಚಿಗೆ ಒರಗಿಸಿಟ್ಟು, ಯಾರ ಕೈಯನ್ನೂ ಹಿಡಿಯದೆ ಮನೆಗೆ ನಡೆದಿದ್ದ. ಅದನ್ನು ಕಿರಿಯ ಒಚಾಮೆ ಎತ್ತಿಕೊಂಡ.

ಸಂಜೆ ಹೊಸ ರಾಣಿಯ ಹೆಸರಿನಲ್ಲಿ ಕುರಿ ಕೊಯ್ದು ಪಾಲು ಹಾಕುವಾಗ, ಒಚಾಮೆಯ ಪಾಲು ಯಾರಿಗೆ ಎಂದು ಅಡುಗೆಯವರು ಬಂದು ಫ್ರೆಮಾಳನ್ನು ಕೇಳಿದರು. ಇವತ್ತು ಮಾತು ಒಪ್ಪಿಸಿದವರಿಗೆ ಎಂದಳು. ಕುತ್ತಿಗೆಯನ್ನು ತಾನೇ ಪಾತ್ರೆಗೆ ಹಾಕಿ ಮುಚ್ಚಿದಳು.

"ಅವನು ಇದನ್ನ ತಿಂತಾನಾ ಅಕ್ಕ?" ಎಂದಳು ಕೊನಾಡು.

"ಅವತ್ತು ಎರಡು ತಿಂದಿದಾನೆ. ಇದ್ಯಾಕೆ ಸೇರಲ್ಲ?"

ಪಾತ್ರೆ ಹೊತ್ತ ಹೆಂಗಸು ಅರಮನೆಯ ಬಾಗಿಲು ದಾಟಿದಳು. ಫ್ರೆಮಾ ತೋಳಿನ ಜೇಡಿಯನ್ನೂ ತೊಳೆಯದೆ ಅವಳ ಹಿಂದೆಯೇ ಹೊರಬಂದು, ಅಮ್ಮನ ಜೊತೆ ನಿಂತಿದ್ದ ಆ ಬೀದಿಯ ತಿರುವಿನಲ್ಲೇ ನಿಂತಳು. ಸೆಫಾನ ಮನೆಯ ಬಾಗಿಲು ತೆರೆಯಲು ತಡವಾಯಿತು. ತೆರೆಯುವ ತನಕ, ಪಾತ್ರೆ ಒಳಗೆ ಹೋಗುವ ತನಕ, ಅವಳು ಅಲ್ಲಿಂದ ಕದಲಲಿಲ್ಲ.